ನಾಲ್ಕನೇ ಟೇಬಲ್ಲಿಗಾಗಿ ಮಾಡಿದ ತಪ್ಪುಗಳು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಬಂದ ಮೇಲ್ ಓದಿ ಅವನ ಮೈ ಉರಿದುಹೋಯಿತು.

"ನಿಮ್ಮ ಕವರ್ ರಿಜೆಕ್ಟ್ ಆಗಿದೆ. ಕಾರಣ: ಚಿತ್ರದಲ್ಲಿ ಫೋನ್ ನಂಬರ್ ಇದೆ. ತೆಗೆದು ಮತ್ತೆ ಕಳಿಸಿ. ಪರಿಶೀಲನೆ, ಟೇಬಲ್ ನಾಲ್ಕು."

ಫೋನ್ ನಂಬರಂತೆ ಫೋನ್ ನಂಬರು! ಮೂರು ದಿನ ಊಟ ತಿಂಡಿ ಮರೆತು ಬಿಡಿಸಿದ ಚಿತ್ರ ಅದು. ಬಾಗಿಲು ಹಾಕಿದ ಒಂದು ಅಂಗಡಿ, ಅದರ ಮುಂದೆ ಮಳೆಯಲ್ಲಿ ನೆನೆಯುತ್ತ ನಿಂತ ಒಂದು ಸೈಕಲ್ಲು. ಅಷ್ಟೇ. ಅದರಲ್ಲಿ ಫೋನ್ ನಂಬರ್ ಎಲ್ಲಿಂದ ಬರಬೇಕು?

ಹಾಡುಗಳಿಗೆ ಮುಖ ಮಾಡಿಕೊಡುವುದೇ ಅವನ ಕಸುಬು. ಈಗಿನ ಹಾಡು ಕ್ಯಾಸೆಟ್ಟಿನಲ್ಲೂ ಬರುವುದಿಲ್ಲ, ಸೀಡಿಯಲ್ಲೂ ಬರುವುದಿಲ್ಲ. ನೇರ ಫೋನಿಗೇ ಬಂದಿಳಿಯುತ್ತದೆ. ಹಾಗೆ ಬಂದರೂ ಹಾಡಿಗೊಂದು ಚಿತ್ರ ಬೇಕೇ ಬೇಕು, ನಾಲ್ಕೂ ಕಡೆ ಸಮನಾದ ಒಂದು ಚೌಕ, ಅದೇ ಕವರ್. ಅವನು ಅದನ್ನು ಗೋಡೆಯಷ್ಟು ದೊಡ್ಡದಾಗಿ ಕಾಣುವಂತೆ ಬಿಡಿಸುತ್ತಾನೆ, ಜನ ಅದನ್ನು ಹೆಬ್ಬೆರಳಿನ ಉಗುರಿನಷ್ಟಗಲ ನೋಡಿ ಮುಂದಕ್ಕೆ ಹೋಗುತ್ತಾರೆ. ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ ಕೂತು ಮೂರು ಹೊತ್ತೂ ಚೌಕವನ್ನೇ ತಿದ್ದುವ ಅವನಿಗೆ ಅತ್ತಿಗೆ ಇಟ್ಟ ಹೆಸರು ಚೌಕಪ್ಪ. ಅಣ್ಣನೂ ಅದನ್ನೇ ಹಿಡಿದುಕೊಂಡ. ಬರಬರುತ್ತ ಹಾಲಿನವನೂ ಹಾಗೇ ಕರೆಯತೊಡಗಿದ.

ಚಿತ್ರ ಮುಗಿದ ಮೇಲೆ ಹಾಡನ್ನೂ ಕವರನ್ನೂ ಒಂದು ಕಂಪನಿಗೆ ಕಳಿಸಬೇಕು. ಅವರು ಎರಡನ್ನೂ ಪರೀಕ್ಷೆ ಮಾಡಿ, ಎಲ್ಲ ಸರಿಯಿದ್ದರೆ ಜಗತ್ತಿನ ಅಷ್ಟೂ ಮ್ಯೂಸಿಕ್ ಆ್ಯಪ್‌ಗಳಿಗೆ ತಲುಪಿಸುತ್ತಾರೆ. ಆ ಕಂಪನಿಯ ಆಫೀಸು ಅವನ ಮನೆಯಿಂದ ಮೂರೇ ಬೀದಿ ಆಚೆ, ಕೀಲಿ ಮಾಡುವವನ ಅಂಗಡಿಯ ಮೇಲೆ. ಇಷ್ಟು ವರ್ಷ ಒಂದು ದಿನವೂ ಅವನು ಆ ಮೆಟ್ಟಿಲು ಹತ್ತಿರಲಿಲ್ಲ. ಅವತ್ತು ಎರಡೆರಡು ಮೆಟ್ಟಿಲು ಒಟ್ಟಿಗೇ ಹತ್ತಿದ.

"ಟೇಬಲ್ ನಾಲ್ಕು ಯಾರ್ರೀ?" ಎಂದ ಬಾಗಿಲಲ್ಲೇ.

ಐದು ಟೇಬಲ್ಲುಗಳ ಕೋಣೆ. ಯಾರೋ ಕಿಟಕಿಯ ಕಡೆ ಕೈ ತೋರಿಸಿದರು. ಅಲ್ಲಿ ಒಬ್ಬಳು ಡ್ರಾಯರ್ ಎಳೆದು, ಪೇಪರು ಎತ್ತಿ, ಕುರ್ಚಿಯ ಕೆಳಗೆ ಬಗ್ಗಿ ಏನನ್ನೋ ಹುಡುಕುತ್ತಿದ್ದಳು. ಜಗಳಕ್ಕೆಂದೇ ತೋಳೇರಿಸಿಕೊಂಡು ಬಂದವನಿಗೆ ಅರ್ಧ ನಿಮಿಷ ಕಾಯುವ ಗತಿ ಬಂತು. ಕಡೆಗೆ ಅವನೇ ಹೇಳಬೇಕಾಯಿತು.

"ತಲೆ ಮೇಲಿದೆ."

"ಏನು?"

"ಕನ್ನಡಕ."

ಅವಳು ತಲೆ ಮುಟ್ಟಿ ನೋಡಿಕೊಂಡಳು. ಕನ್ನಡಕ ಕಣ್ಣಿಗೆ ಇಳಿಯಿತು. ಅದರ ಹಿಂದಿನಿಂದ ಎರಡು ಕಣ್ಣು ಅವನನ್ನು ಮೊದಲ ಸಲ ಸರಿಯಾಗಿ ನೋಡಿದವು.

"ಥ್ಯಾಂಕ್ಸ್. ಹೇಳಿ, ಏನಾಗಬೇಕಿತ್ತು?"

ಅಯ್ಯೋ! ಜಗಳದ ಮೊದಲ ಮಾತೇ ಥ್ಯಾಂಕ್ಸ್ ಆಗಿಬಿಟ್ಟರೆ ಮುಂದೆ ಜಗಳ ಆಡುವುದಾದರೂ ಹೇಗೆ? ಆದರೂ ಬಂದ ಕೆಲಸ ಬಿಡಬಾರದಲ್ಲ. "ನನ್ನ ಸೈಕಲ್ ಚಿತ್ರದಲ್ಲಿ ಫೋನ್ ನಂಬರ್ ಇದೆ ಅಂತ ಬರೆದಿದ್ದೀರಿ. ಬಿಡಿಸಿದ್ದು ನಾನು. ನನಗೇ ಗೊತ್ತಿಲ್ಲದ ನಂಬರ್ ನಿಮಗೆಲ್ಲಿ ಕಾಣಿಸ್ತು?"

"ಕೂತ್ಕೊಳ್ಳಿ" ಎಂದು ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಚಿತ್ರ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು. ಅಂಗಡಿಯ ಶಟರಿನ ಕೆಳಗೆ, ಸೈಕಲ್ ಚಕ್ರದ ಪಕ್ಕದಲ್ಲಿ, ಹತ್ತು ಅಂಕಿ ಮಂಕಾಗಿ ಎದ್ದುಬಂದವು. ಶಟರ್ ಮಾಡಿದವನು ಬರೆದುಕೊಂಡ ನಂಬರು. ಬೀದಿಯಲ್ಲಿ ತೆಗೆದ ಫೋಟೋ ನೋಡಿಕೊಂಡು ಬಿಡಿಸುವಾಗ ಅದನ್ನೂ ಭಕ್ತಿಯಿಂದ ಬಿಡಿಸಿಬಿಟ್ಟಿದ್ದ.

"ನಾನು ಸುಮ್ನೆ ಹೇಳಿಲ್ಲ. ಫೋನ್ ಕೂಡ ಮಾಡಿ ನೋಡ್ದೆ" ಎಂದಳು.

"ಯಾರಾದ್ರೂ ಎತ್ತಿದ್ರಾ?"

"ಎತ್ತಿದ್ರು. ಎಷ್ಟು ಅಡಿ ಶಟರ್ ಬೇಕು ಅಂದ್ರು."

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅವಳು ನಗಲಿಲ್ಲ; ನಗುವನ್ನು ತಡೆಯಲು ಕೆಳತುಟಿಯನ್ನು ಒಂದು ಕಡೆಗೆ ಕಚ್ಚಿಕೊಂಡಳು. ನಕ್ಕಿದ್ದರೆ ಅವನು ಬಚಾವಾಗುತ್ತಿದ್ದನೇನೋ. ಆ ಕಚ್ಚಿಕೊಂಡ ತುಟಿ ನೋಡಿದವನು ಅಲ್ಲಿಗೇ ಮುಗಿದ.

ಎದ್ದು ಹೊರಡುವಾಗ ಅವಳು ಕೇಳಿದಳು. "ಆ ಸೈಕಲ್ ಸೀಟಿಗೆ ಯಾರೋ ಪ್ಲಾಸ್ಟಿಕ್ ಚೀಲ ಕಟ್ಟಿ ಹೋಗಿದ್ದಾರಲ್ಲ, ನೆನೀಬಾರ್ದು ಅಂತ. ಅದು ಹಾಡಲ್ಲಿ ಇಲ್ಲ. ನಿಮಗೆ ಹೇಗೆ ಹೊಳೀತು?"

"ಹಾಡು ಕೇಳಿದ್ರಾ?"

"ಕೇಳ್ದೇ ಕವರ್ ನೋಡಿದ್ರೆ ಏನು ಗೊತ್ತಾಗುತ್ತೆ?"

ಕವರ್ ನೋಡುವವರು ಹಾಡು ಕೇಳಬೇಕೆಂದು ಯಾವ ನಿಯಮವೂ ಇಲ್ಲ. ಇಷ್ಟು ವರ್ಷದಲ್ಲಿ ಆ ಚೀಲದಂಥ ಸಣ್ಣ ವಿಷಯವನ್ನು ಯಾರೂ ಅವನಲ್ಲಿ ಕೇಳಿರಲೂ ಇಲ್ಲ. ಏನೋ ಒಂದು ಉತ್ತರ ತೊದಲಿ ಕೆಳಗೆ ಬಂದ. ಮನೆಗೆ ಹೋಗುವ ದಾರಿ ಬಿಟ್ಟು ಎದುರು ದಿಕ್ಕಿಗೆ ಅರ್ಧ ಬೀದಿ ನಡೆದ ಮೇಲೆ ಅವನಿಗೆ ಎಚ್ಚರವಾಯಿತು.

*

ಮುಂದಿನ ಕವರನ್ನು ಅವನು ಒಂದು ಕೂದಲೆಳೆಯಷ್ಟೂ ತಪ್ಪಿಲ್ಲದಂತೆ ಮಾಡಿ ಕಳಿಸಿದ. ಅವಳು ಮೆಚ್ಚಿ ಏನಾದರೂ ಬರೆದಾಳು ಎಂದು ಕಾದ. ಬಂದದ್ದು ಎರಡೇ ಮಾತು: "ಅಪ್ರೂವ್ ಆಗಿದೆ." ಕೆಳಗೆ ಟೇಬಲ್ ನಂಬರೂ ಇಲ್ಲ. ಅದರ ಮುಂದಿನದಕ್ಕೂ ಅದೇ.

ಆಗ ಅವನಿಗೆ ಕಂಪನಿಯ ರೀತಿ ಅರ್ಥವಾಯಿತು. ಸರಿಯಿದ್ದರೆ ಕಂಪ್ಯೂಟರ್ ಬರೆಯುತ್ತದೆ. ತಪ್ಪಿದ್ದರೆ ಅವಳು ಬರೆಯುತ್ತಾಳೆ.

ಇಷ್ಟು ಗೊತ್ತಾದ ಮೇಲೆ ತಪ್ಪು ಮಾಡದೆ ಇರಲು ಅವನೇನು ಸಂನ್ಯಾಸಿಯೇ?

ಮೂರನೇ ಕವರಿನಲ್ಲಿ ಒಂದು ಬೆಕ್ಕು ಮಲಗಿತ್ತು. ಅದರ ಕತ್ತಿಗೆ ಒಂದು ಬೆಲೆಚೀಟಿ ಕಟ್ಟಿದ. ಕವರಿನ ಮೇಲೆ ಎಲ್ಲೂ ಬೆಲೆ ಇರಬಾರದು ಎಂಬುದು ನಿಯಮ. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು: "ಬೆಕ್ಕಿನ ಕತ್ತಿನಲ್ಲಿ ಬೆಲೆ ಇದೆ. ತೆಗೆಯಿರಿ. ಅಷ್ಟು ಕಡಿಮೆಗೆ ಆ ಬೆಕ್ಕನ್ನು ಕೊಡುವುದು ಅನ್ಯಾಯ. ಟೇಬಲ್ ನಾಲ್ಕು."

ಅದನ್ನು ಎಷ್ಟು ಸಲ ಓದಿದನೋ ಲೆಕ್ಕವಿಲ್ಲ. ಚೀಟಿ ಅಳಿಸಲು ಬೇಕಾದದ್ದು ಹತ್ತೇ ನಿಮಿಷ. ಅಳಿಸಿ ಕಳಿಸಿದ, ಅವತ್ತೇ ಸಂಜೆ ಒಪ್ಪಿಗೆಯೂ ಆಯಿತು. ಹಾಡಿದವರಿಗೆ ಇದರ ಸುಳಿವೂ ಹತ್ತಲಿಲ್ಲ. ಯಾರಿಗೂ ನಷ್ಟವಿಲ್ಲದ ಕಳ್ಳತನ ಎಂದುಕೊಂಡ.

ಆಮೇಲೆ ಗೂಡಂಗಡಿಯ ಹಲಗೆಯ ಮೇಲೆ ಇಮೇಲ್ ವಿಳಾಸ ಬಂತು. "ಅಂಗಡಿಯವನಿಗೆ ಇಮೇಲ್ ಬೇರೆ ಕೇಡು!" ಎಂದು ಟೇಬಲ್ ನಾಲ್ಕು ಬರೆಯಿತು. ಒಮ್ಮೆ ಗಾಳಿಪಟದ ಬಾಲವನ್ನೇ ಮಸುಕು ಮಾಡಿದ. "ಗಾಳಿಪಟದ ಬಾಲ ಮಸುಕಾಗಿದೆ. ನಿಮ್ಮ ಕಣ್ಣಿಗೆ ಏನಾದರೂ ಬಿತ್ತೇ?" ಎಂದು ಬಂತು. ಕಡೆಗೊಂದು ದಿನ ಧೈರ್ಯ ಮಾಡಿ ಒಂದು ಬಸ್ಸಿನ ಹಿಂಬದಿಯಲ್ಲಿ ತನ್ನ ಸ್ವಂತ ಫೋನ್ ನಂಬರನ್ನೇ ಬರೆದ.

ಅವತ್ತಿನ ಟಿಪ್ಪಣಿ: "ಬಸ್ಸಿನ ಹಿಂದೆ ಫೋನ್ ನಂಬರ್ ಇದೆ. ತೆಗೆಯಿರಿ. ಈ ಸಲ ಫೋನ್ ಮಾಡಿ ನೋಡಿಲ್ಲ."

"ಮಾಡಿ ನೋಡಿಲ್ಲ ಅಂದ್ರೆ ಏನರ್ಥ ಅತ್ತಿಗೇ?" ಎಂದು ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿದ.

ಅತ್ತಿಗೆ ಪಾತ್ರೆ ತೊಳೆಯುತ್ತಲೇ ಹೇಳಿದಳು. "ಮಾಡಿ ನೋಡಿಲ್ಲ ಅಂತ ಅರ್ಥ."

"ಅಲ್ಲ, ಈ ಸಲ ಅಂತ ಯಾಕೆ ಹಾಕಿದ್ದಾಳೆ? ಮುಂದಿನ ಸಲ ಮಾಡ್ತಾಳೆ ಅಂತಲಾ?"

"ಏನಯ್ಯಾ ಚೌಕಪ್ಪ, ಮೂರು ಬೀದಿ ಆಚೆ ಇದ್ದಾಳೆ ಹುಡುಗಿ. ಎದ್ದು ಹೋಗಿ ‘ಒಂದು ಕಾಫಿ ಕುಡಿಯೋಣ ಬನ್ನಿ’ ಅಂದ್ರೆ ನಾಲಿಗೆ ಸವೆದು ಹೋಗುತ್ತಾ? ನಿಮ್ಮಣ್ಣನೂ ಹೀಗೇ. ನನ್ನ ಹತ್ರ ಹೇಳಬೇಕಾದ್ದನ್ನ ನಮ್ಮಪ್ಪನ ಹತ್ರ ಹೇಳ್ದ. ನಿಮ್ಮ ವಂಶದಲ್ಲೇ ಬಾಯಿ ಇಲ್ಲ."

ಅವನು ಹೂಂ ಎಂದ, ಹೋಗಲಿಲ್ಲ. ಹೋಗಿ ಕೇಳಿದರೆ ಅವಳು ಇಲ್ಲ ಅಂದುಬಿಡಬಹುದು. ತಪ್ಪು ಮಾಡಿದರೆ ಮಧ್ಯಾಹ್ನದೊಳಗೆ ಅವಳ ಮಾತು ಖಂಡಿತ ಬರುತ್ತದೆ. ಹೆದರುಪುಕ್ಕಲನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವುದಿದೆ? ಹೀಗೆ ಆರು ತಿಂಗಳು ಬಲು ಸುಖವಾಗಿ ಕಳೆದವು.

*

ಭೂಗೋಳದ ಟೀಚರ್ ಬಂದದ್ದು ಒಂದು ಸೋಮವಾರ. ಶಾಲೆಯಲ್ಲಿ ಅವನಿಗೆ ಪಾಠ ಮಾಡಿದವರು. ಭೂಪಟದಲ್ಲಿ ನದಿಗಳನ್ನು ತಪ್ಪು ಕಡೆ ಹರಿಸಿದ್ದಕ್ಕೆ ಅವನ ಕಿವಿ ಹಿಂಡಿದವರು. ಈಗ ಎಪ್ಪತ್ತೆರಡು. ಮೊಣಕಾಲು ನೋವಿಗೆ ಬೈಯುತ್ತಲೇ ಮಹಡಿ ಹತ್ತಿ, ಅವನ ಕುರ್ಚಿಯಲ್ಲೇ ಕೂತರು.

"ಲೋ, ನಾನೊಂದು ಹಾಡು ಹಾಡಿದೀನಿ. ನಾನೇ ಬರೆದದ್ದು. ನಗಬೇಡ."

"ಇಲ್ಲ ಟೀಚರ್."

"ನಗ್ತಿದೀಯ."

ಹಾಡು ಕೇಳಿದ ಮೇಲೆ ನಗುವ ಪ್ರಶ್ನೆಯೇ ಬರಲಿಲ್ಲ. ಕಂಠ ಸ್ವಲ್ಪ ನಡುಗುತ್ತಿತ್ತು, ಆದರೆ ಒಂದು ಸ್ವರವೂ ಜಾರಿರಲಿಲ್ಲ. ಬೆಳಿಗ್ಗೆ ಶಾಲೆಗೆ ಹೊರಡುವ ತಂಗಿಗೆ ಅಕ್ಕ ಜಡೆ ಹೆಣೆಯುವ ಹಾಡು. "ನನ್ನ ತಲೆಯ ಸಿಕ್ಕು ಬಿಡಿಸಿ ಬಿಡಿಸಿ, ನಿನ್ನ ಬೆಳಗೆಲ್ಲ ನನಗೇ ಕೊಟ್ಟೆ" ಎಂಬ ಸಾಲು ಬಂದಾಗ ಟೀಚರ್ ಕಿಟಕಿಯ ಆಚೆ ನೋಡಿದರು.

"ನಮ್ಮಕ್ಕನಿಗೆ ಬರೋ ಭಾನುವಾರ ಎಂಬತ್ತು ತುಂಬುತ್ತೆ" ಎಂದರು. "ಅವಳಿರೋದು ದೂರದೂರಲ್ಲಿ, ಈ ಕಾಲಲ್ಲಿ ನಾನು ಹೋಗೋ ಹಾಗಿಲ್ಲ. ದಿನಾ ಬೆಳಿಗ್ಗೆ ಫೋನಲ್ಲಿ ಹಾಡು ಹಾಕ್ಕೊಂಡು ಕೂರೋದು ಅವಳ ಅಭ್ಯಾಸ. ಭಾನುವಾರ ಬೆಳಿಗ್ಗೆ ಆ ಫೋನಲ್ಲಿ ಈ ಹಾಡು ಇರಬೇಕು."

"ಫೋನ್ ಮಾಡಿ ನೀವೇ ಹಾಡಬಹುದಲ್ಲ ಟೀಚರ್?"

"ಅವಳ ದನಿ ಕೇಳಿದ್ರೆ ಅರ್ಧಕ್ಕೇ ಅತ್ತುಬಿಡ್ತೀನಿ, ದಡ್ಡ. ಅದಕ್ಕೇ ತಾನೇ ಇಷ್ಟೆಲ್ಲ."

ಭಾನುವಾರ ಬೆಳಿಗ್ಗೆ ಸಿಗಬೇಕೆಂದರೆ ಶುಕ್ರವಾರ ಸಂಜೆಯೊಳಗೆ ಕಂಪನಿಯ ಒಪ್ಪಿಗೆ ಬೀಳಬೇಕು. ಅವನು ಮಂಗಳವಾರ, ಬುಧವಾರ ಎರಡೂ ದಿನ ಕೂತು ಬಿಡಿಸಿದ. ಕಿಟಕಿಯ ಬಳಿ ಒಂದು ಮಣೆ, ಅದರ ಮೇಲೆ ನೋವಿಗೆ ಕಣ್ಣು ಕಿವುಚಿಕೊಂಡು ಕೂತ ಪುಟ್ಟ ಹುಡುಗಿ, ಹಿಂದೆ ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡ ಅಕ್ಕ. ಅವನು ಬಿಡಿಸಿದ್ದರಲ್ಲೇ ಒಳ್ಳೆಯ ಚಿತ್ರ ಅದು. ಅವನಿಗೂ ಅದು ಗೊತ್ತಿತ್ತು. ಹಾಗೇ ಕಳಿಸಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಇಷ್ಟು ಒಳ್ಳೆಯ ಚಿತ್ರಕ್ಕೆ ಬರೀ ಕಂಪ್ಯೂಟರಿನ ಉತ್ತರ ಬರುವುದೇ? ಕಿಟಕಿಯ ಆಚೆ, ದೂರದ ಗೋಡೆಯ ಮೇಲೆ, ಒಂದು ಸಣ್ಣ ಭಿತ್ತಿಪತ್ರ ಅಂಟಿಸಿದ. ಅದರಲ್ಲಿ ಬರೆದ: "ಶನಿವಾರ ಸಂಜೆ ಐದಕ್ಕೆ, ಲೈಬ್ರರಿಯ ಮೆಟ್ಟಿಲ ಬಳಿ. ದಯವಿಟ್ಟು ಬನ್ನಿ." ಕವರಿನ ಮೇಲೆ ಯಾವ ಕಾರ್ಯಕ್ರಮದ ದಿನ, ಸಮಯ ಇರುವಂತಿಲ್ಲ. ಅವಳು ಓದುತ್ತಾಳೆ, ಕೆಳತುಟಿ ಕಚ್ಚಿಕೊಳ್ಳುತ್ತಾಳೆ, ತೆಗೆಯಿರಿ ಎಂದು ಬರೆಯುತ್ತಾಳೆ. ಜೊತೆಗೆ ಬರುತ್ತೇನೆ, ಇಲ್ಲ, ಎರಡರಲ್ಲಿ ಒಂದನ್ನು ಬರೆಯಲೇಬೇಕು. ಗುರುವಾರ ಬೆಳಿಗ್ಗೆ ಕಳಿಸಿದ.

ಮಧ್ಯಾಹ್ನ ಬಂದ ಉತ್ತರದ ಕೆಳಗೆ ಟೇಬಲ್ ನಾಲ್ಕು ಎಂದಿರಲಿಲ್ಲ, ಟೇಬಲ್ ಎರಡು ಎಂದಿತ್ತು. "ರಿಜೆಕ್ಟ್. ಚಿತ್ರದಲ್ಲಿ ಜಾಹೀರಾತು. ಈ ಖಾತೆಯಿಂದ ಆರು ತಿಂಗಳಲ್ಲಿ ಇದು ಹತ್ತನೇ ತಪ್ಪು. ನಿಯಮದಂತೆ ಖಾತೆಯನ್ನು ಹದಿನೈದು ದಿನ ತಡೆಹಿಡಿಯಲಾಗಿದೆ."

ಹತ್ತು ತಪ್ಪಿಗೆ ತಡೆ ಎಂಬ ನಿಯಮವೊಂದು ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ನಿಯಮದ ಪುಸ್ತಕದಲ್ಲಿ ಅವನು ಓದುತ್ತಿದ್ದುದು ಯಾವುದನ್ನು ಮುರಿಯಬಹುದು ಎಂಬ ಪುಟ ಮಾತ್ರ. ಕಂಪನಿಗೆ ಫೋನ್ ಮಾಡಿದರೆ, ನಾಲ್ಕನೇ ಟೇಬಲ್ಲಿನವರು ಅಮ್ಮನ ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿದ್ದಾರೆ, ನಾಳೆ ಬರುತ್ತಾರೆ ಅಂದರು. ಅವನು ತಲೆ ಮೇಲೆ ಕೈ ಹೊತ್ತು ಕೂತ. ತಡೆ ಬಿದ್ದದ್ದು ಅವನ ಖಾತೆಗಾದರೂ ಹೋದದ್ದು ಟೀಚರ್ ಅವರ ಭಾನುವಾರ.

*

ಟೀಚರ್ ಮನೆಗೆ ಅವನು ಅವತ್ತೇ ಹೋದ. ಸುಳ್ಳು ಹೇಳಬಹುದಿತ್ತು, ಕಂಪ್ಯೂಟರ್ ಕೈಕೊಟ್ಟಿತು ಎಂದರೆ ಅವರು ನಂಬುತ್ತಿದ್ದರು. ಬಾಗಿಲು ತೆರೆದ ಅವರ ಕೈಯಲ್ಲಿ ಒಂದು ಪಟ್ಟಿ ಇತ್ತು. ಭಾನುವಾರ ಹಾಡು ಕೇಳಿ ಎಂದು ಫೋನ್ ಮಾಡಿ ಹೇಳಿದವರ ಪಟ್ಟಿ, ಇಪ್ಪತ್ತಮೂರು ಹೆಸರು. ಅದನ್ನು ನೋಡಿದ ಮೇಲೆ ಅವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಸೈಕಲ್ಲಿನಿಂದ ಹಿಡಿದು ಭಿತ್ತಿಪತ್ರದ ತನಕ ಎಲ್ಲವನ್ನೂ ಹೇಳಿದ.

ಟೀಚರ್ ಕೂತು ಕೇಳಿದರು. ಅವನು ನಿಂತೇ ಹೇಳಿದ. ಕೂರು ಎಂದು ಅವರು ಹೇಳಲಿಲ್ಲ.

"ಅಂದ್ರೆ, ಆ ಹುಡುಗಿಯಿಂದ ಒಂದು ಸಾಲು ಬರೆಸ್ಕೊಳ್ಳೋಕೆ ನನ್ನ ಹಾಡು ಹಿಡ್ಕೊಂಡು ಆಟ ಆಡ್ದೆ."

"ಹೌದು ಟೀಚರ್."

"ಇಷ್ಟು ಬುದ್ಧಿ ಖರ್ಚು ಮಾಡೋ ಬದಲು ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನೋ ಧಾಡಿ ನಿನಗೆ?"

"ಹೆದರಿಕೆ ಟೀಚರ್."

ಅವರು ಕೈಯಲ್ಲಿದ್ದ ಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟರು. ಕಿವಿ ಹಿಂಡಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ನಾನೇನು ಹೇಳ್ಲಿ ನಿನಗೆ? ನಾನೂ ಅದೇ ಗುಂಪು. ನಮ್ಮಕ್ಕ ತಾನು ಓದೋದು ಬಿಟ್ಟು ಹೊಲಿಗೆ ಹೊಲಿದು ನನ್ನ ಓದಿಸಿದ್ಲು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳ್ದೆ, ಅವಳಿಗೊಂದು ಮಾತು ಹೇಳ್ಲಿಲ್ಲ. ಎಲ್ಲ ನಿನ್ನಿಂದ ಕಣೇ ಅಂತ. ಅಷ್ಟೇ. ಹೇಳೋಕಾಗ್ದೆ ಹಾಡಾಗಿ ಬರ್ದೆ." ಕನ್ನಡಕ ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. "ಹೋಗು. ನೀನು ಮಾಡಿದ ಗಂಟು, ನೀನೇ ಬಿಡಿಸು. ಭಾನುವಾರ ಬೆಳಿಗ್ಗೆ ನನ್ನ ಹಾಡು ಅವಳ ಫೋನಲ್ಲಿ ಇರಬೇಕು."

*

ಶುಕ್ರವಾರ ಮಧ್ಯಾಹ್ನ, ಕಂಪನಿಗೆ ಹೋಗಿ ಏನು ಹೇಳುವುದೆಂದು ಇನ್ನೂ ಯೋಚಿಸುತ್ತ ಕೂತಿದ್ದಾಗ ಅವನ ಫೋನ್ ಹೊಡೆದುಕೊಂಡಿತು. ಗುರುತಿಲ್ಲದ ನಂಬರು.

"ಬಸ್ಸಿನ ಹಿಂದೆ ಬರೆದಿದ್ದ ನಂಬರ್ ತಾನೇ ಇದು?"

ಅವನು ಎದ್ದು ನಿಂತುಬಿಟ್ಟ. "ಹೌದು."

"ಆಫೀಸಿಗೆ ಬನ್ನಿ. ಈಗಲೇ."

ದನಿಯಲ್ಲಿ ನಗು ಇರಲಿಲ್ಲ. ಅವಳು ಕೆಳಗೆ, ಕೀಲಿ ಅಂಗಡಿಯ ಪಕ್ಕದಲ್ಲೇ ಕಾಯುತ್ತಿದ್ದಳು. ಅಂಗಡಿಯವನು ಹಿತ್ತಾಳೆಯ ಕೀಲಿಯೊಂದನ್ನು ಕೆರೆಯುತ್ತಿದ್ದುದರಿಂದ ಇಬ್ಬರೂ ದನಿ ಎತ್ತಿಯೇ ಮಾತಾಡಬೇಕಾಯಿತು.

"ನನಗೆ ಬೆಕ್ಕಿನ ದಿನವೇ ಗೊತ್ತಾಯ್ತು, ಬೇಕಂತಲೇ ಮಾಡ್ತಿದ್ದೀರಿ ಅಂತ. ಹತ್ತಕ್ಕೆ ತಡೆ ಬೀಳುತ್ತೆ ಅನ್ನೋದೂ ಗೊತ್ತಿತ್ತು. ಒಂಬತ್ತಕ್ಕೆ ನಿಲ್ಲಿಸಿ ಅಂತ ಬರೀಬೇಕು ಅಂದ್ಕೊಂಡೆ, ಬರೀಲಿಲ್ಲ. ಬರೆದ್ರೆ ನಿಂತುಹೋಗುತ್ತಲ್ಲ ಅಂತ!" ಅವಳ ಕಣ್ಣು ತುಂಬಿತ್ತು. ಕೋಪಕ್ಕೋ ಅಳುವಿಗೋ ಅವಳಿಗೇ ಗೊತ್ತಿದ್ದಂತಿರಲಿಲ್ಲ. "ಇವತ್ತು ಬಂದು ಆ ಹಾಡು ಕೇಳ್ದೆ. ಎಂಥ ಹಾಡದು! ನಮ್ಮಿಬ್ಬರ ಹುಡುಗಾಟದಲ್ಲಿ ಆ ಅಜ್ಜಿ ಹಾಡು ಸಿಕ್ಕಿಹಾಕಿಕೊಂಡಿದೆ. ನಾಚಿಕೆ ಆಗುತ್ತೆ ನನಗೆ."

"ತಪ್ಪು ನನ್ನದು. ನಿಮ್ಮ ಹೆಸರು ಎತ್ತಬೇಡಿ. ನಾನೇ ಮೇಲೆ ಹೋಗಿ ಹೇಳ್ತೀನಿ."

"ನಾನು ಆಗಲೇ ಹೇಳಾಯ್ತು."

ಮೇಲ್ವಿಚಾರಕಿ ಐವತ್ತು ದಾಟಿದವರು. ಬಿಡುವಿನಲ್ಲಿ ಸ್ವೆಟರ್ ಹೆಣೆಯುವವರು, ಬಿಡುವಿಲ್ಲದಾಗಲೂ ಹೆಣೆಯುತ್ತಿದ್ದರು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಹೆಣಿಗೆ ಎಣಿಸುತ್ತಲೇ ಕೇಳಿದರು.

"ತಡೆ ತೆಗೀಬಹುದು. ಆದ್ರೆ ಫೈಲಲ್ಲಿ ಕಾರಣ ಬೇಕು. ಇಷ್ಟು ಸಲ ಬೇಕಂತ ತಪ್ಪು ಮಾಡಿದ್ದು ಯಾಕೆ? ಜಾಹೀರಾತಿಗಾ?"

"ಇಲ್ಲ ಮೇಡಂ. ಇವರು ಬರೆಯೋ ಟಿಪ್ಪಣಿಗೆ."

ಹೆಣಿಗೆಯ ಕಡ್ಡಿ ಒಂದು ಕ್ಷಣ ನಿಂತಿತು. ಪಕ್ಕದ ಟೇಬಲ್ಲುಗಳಲ್ಲಿ ಟೈಪು ಮಾಡುವ ಸದ್ದೂ ನಿಂತಿತು.

"ಸರಿ. ಕವರ್ ಕಳಿಸೋರಿಗೂ ನೋಡೋರಿಗೂ ಸಂಬಂಧ ಇದ್ರೆ ಅದಕ್ಕೊಂದು ಫಾರಂ ಇದೆ" ಎಂದು ಪರದೆಯನ್ನು ಅವರ ಕಡೆ ತಿರುಗಿಸಿದರು. "ತುಂಬಿದ್ರೆ ಇವರ ಕವರುಗಳೆಲ್ಲ ಎರಡನೇ ಟೇಬಲ್ಲಿಗೆ ಹೋಗುತ್ತೆ, ತಡೆ ಹೋಗುತ್ತೆ, ಅಜ್ಜಿ ಹಾಡೂ ಇವತ್ತೇ ಹೊರಡುತ್ತೆ. ನಿನಗೊಂದು ಎಚ್ಚರಿಕೆ ಪತ್ರ ಕೊಡ್ತೀನಮ್ಮ, ಅದನ್ನ ತಪ್ಪಿಸೋಕಾಗಲ್ಲ. ಸಂಬಂಧ ಏನೂ ಇಲ್ಲ ಅಂದ್ರೆ ಇದು ಬರೀ ತುಂಟಾಟ, ಹದಿನೈದು ದಿನ ಹಾಗೇ ಇರುತ್ತೆ. ಈಗ ನಾಲ್ಕು ಇಪ್ಪತ್ತು. ಐದಕ್ಕೆ ನಾನು ಮನೆಗೆ ಹೊರಡ್ತೀನಿ."

ಫಾರಂನಲ್ಲಿ ಗಂಡ, ಹೆಂಡತಿ, ಒಡಹುಟ್ಟಿದವರು, ಪಾಲುದಾರರು ಎಂದು ಸಾಲಾಗಿ ಇತ್ತು. ಕಡೆಗೆ, ಇತರೆ, ವಿವರ ಬರೆಯಿರಿ.

ಅವಳು ಕೀಲಿಮಣೆಯ ಮೇಲೆ ಕೈಯಿಟ್ಟು ಅವನ ಕಡೆ ತಿರುಗಿದಳು. ಕನ್ನಡಕದ ಹಿಂದೆ ಕಣ್ಣು ಇನ್ನೂ ಒದ್ದೆಯಿತ್ತು.

"ಇದು ತುಂಬಿದ್ರೆ ನಾನಿನ್ನು ನಿಮಗೆ ಒಂದು ಸಾಲೂ ಬರೆಯೋ ಹಾಗಿಲ್ಲ. ಗೊತ್ತಲ್ಲ?"

"ಗೊತ್ತು."

"ಏನಂತ ಬರೀಲಿ?"

ಐದು ಟೇಬಲ್ಲಿನ ಕೋಣೆ ಪೂರ್ತಿ ಕಿವಿಯಾಗಿತ್ತು.  ಮಾತನ್ನು ಅಡಗಿಸಿಡಲು ಇಲ್ಲಿ ಚಿತ್ರವಿರಲಿಲ್ಲ, ಗೋಡೆಯಿರಲಿಲ್ಲ, ಬಸ್ಸೂ ಇರಲಿಲ್ಲ. ಬಾಯಿ ಒಂದೇ ಇತ್ತು.

"ನಾನು ನಿಮ್ಮನ್ನ ಪ್ರೀತಿಸ್ತೀನಿ" ಎಂದ. ದನಿ ಎರಡು ಕಡೆ ಒಡೆಯಿತು. "ಆರು ತಿಂಗಳ ಹಿಂದೇನೇ ಹೇಳಬೇಕಿತ್ತು. ಹಾಗಂತ ಬರೀರಿ. ಇನ್ನು ನೀವು ಬರೀದಿದ್ರೂ ಪರವಾಗಿಲ್ಲ, ನಾನೇ ದಿನಾ ಬಂದು ಕೆಳಗೆ ನಿಲ್ತೀನಿ. ಎದುರಿಗೇ ಬೈಯಿರಿ."

"ಅದು ಒಬ್ಬರ ಕಡೆಯದಾಯ್ತು" ಎಂದಳು ಅವಳು. "ಸಂಬಂಧ ಅಂದ್ರೆ ಇಬ್ಬರದೂ ಬೇಕು."

 ಅವಳು ಪರದೆಯ ಕಡೆ ತಿರುಗಿ ಟೈಪು ಮಾಡತೊಡಗಿದಳು. ಒಂದೊಂದೇ ಅಕ್ಷರ ಮೂಡಿತು: ‘ಇಬ್ಬರೂ ಪ್ರೀತಿಸುತ್ತಾರೆ.’ ಅದರ ಕೆಳಗೆ ಇನ್ನೊಂದು ಖಾಲಿ ಜಾಗ, 'ಯಾವಾಗಿನಿಂದ' ಎಂದು. ಅವನು ಬೆಕ್ಕಿನ ತಿಂಗಳನ್ನು ನೆನಪು ಮಾಡಿಕೊಳ್ಳುತ್ತಿರುವಷ್ಟರಲ್ಲಿ ಅವಳ ಬೆರಳು ತಡವರಿಸದೆ ಒಂದು ತಾರೀಖು ಒತ್ತಿತು. ಅವನು ಮೊದಲ ಸಲ ಜಗಳಕ್ಕೆ ಬಂದ ಮಂಗಳವಾರ.

"ಅವತ್ತೇನಾ?" ಎಂದ, ಉಸಿರಿನಲ್ಲೇ.

"ನೆನೆಯೋ ಸೈಕಲ್ಲಿಗೆ ಚೀಲ ಕಟ್ಟೋ ಗಂಡಸು ಎಲ್ಲಿ ಸಿಗ್ತಾನೆ?" ಎಂದು ಅವಳು ಕೆಳತುಟಿ ಕಚ್ಚಿಕೊಂಡಳು. ಈ ಸಲ ತಡೆಯಲಾಗದೆ ನಕ್ಕೇಬಿಟ್ಟಳು.

ಮೇಲ್ವಿಚಾರಕಿ ಫಾರಂ ಓದಿ, ಸರಿ ಎಂದು ತಲೆಯಾಡಿಸಿ, ಗುಂಡಿ ಒತ್ತಿದರು. ಅವನು ಅಲ್ಲೇ ಕೂತು ಆ ಭಿತ್ತಿಪತ್ರವನ್ನು ಅಳಿಸಿದ. ನಾಲ್ಕು ಐವತ್ತೆರಡಕ್ಕೆ ಎರಡನೇ ಟೇಬಲ್ಲಿನವನು ಚಿತ್ರವನ್ನು ಮೂಲೆಮೂಲೆಯೂ ಹುಡುಕಿ, "ಏನೂ ಇಲ್ಲ ಮೇಡಂ, ಕ್ಲೀನಾಗಿದೆ" ಎಂದು ಕೂಗಿದ. ಹಾಡು ಹೊರಟಿತು. ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

*

ಭಾನುವಾರ ಬೆಳಿಗ್ಗೆ ಇಬ್ಬರೂ ಟೀಚರ್ ಮನೆಯಲ್ಲಿದ್ದರು. ಆ್ಯಪ್ ತೆರೆದು ಹುಡುಕಿದರೆ ಹಾಡು ಬಂದಿತ್ತು. ಉಗುರಿನಗಲದ ಚೌಕದಲ್ಲೂ ಅಕ್ಕನ ಬಾಯಲ್ಲಿದ್ದ ರಿಬ್ಬನ್ ಕೆಂಪಗೆ ಕಾಣುತ್ತಿತ್ತು. ಟೀಚರ್ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, "ಇವನು ನದಿನೆಲ್ಲ ಉಲ್ಟಾ ಹರಿಸೋನು, ಹುಷಾರಮ್ಮ" ಎಂದರು.

ಒಂಬತ್ತೂವರೆಗೆ ಅವರ ಫೋನ್ ರಿಂಗಾಯಿತು. ಅಕ್ಕ. ಟೀಚರ್ ಫೋನನ್ನು ಪಕ್ಕದಲ್ಲಿ ಕೂತ ಹುಡುಗಿಯ ಕೈಗೆ ಕೊಟ್ಟರು. ಅವಳೇ ಗುಂಡಿ ಒತ್ತಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

 ಆ ಕಡೆ ಮಕ್ಕಳು ಮೊಮ್ಮಕ್ಕಳ ಗಲಾಟೆ, ಅದರ ನಡುವೆ ಹಾಡು ಮುಗಿಯುತ್ತಿರುವುದು ಕೇಳಿಸುತ್ತಿತ್ತು. ಆಮೇಲೆ ಮುದಿ ದನಿಯೊಂದು ಹೇಳಿತು.

"ಲೇ, ಜಡೆ ಹಾಕುವಾಗ ಒಂದಿನಾನೂ ನೆಟ್ಟಗೆ ಕೂತೋಳಲ್ಲ ನೀನು. ಈಗ ಹಾಡು ಬೇರೆ ಕಟ್ಟಿದೀಯ."

ಟೀಚರ್ ಎದುರಿಗೆ ಕೂತ ಶಿಷ್ಯನನ್ನು ನೋಡಿದರು. ಆಮೇಲೆ ಫೋನಿನ ಕಡೆ ಬಗ್ಗಿ, ತರಗತಿಯ ಕೊನೆಯ ಬೆಂಚಿಗೂ ಕೇಳುವಂಥ ದನಿಯಲ್ಲಿ ಹೇಳಿದರು.

"ಅಕ್ಕಾ, ಎಲ್ಲ ನಿನ್ನಿಂದ ಕಣೇ."

ಹೇಳಿ ಮುಗಿಸಿ ಅಳತೊಡಗಿದರು. ಆ ಕಡೆಯಿಂದ ಮೂಗು ಸೀಟುವ ಸದ್ದು ಬಂತು.

"ಗೊತ್ತು ಬಿಡೇ" ಎಂದರು ಅಕ್ಕ. "ಗೊತ್ತಿದ್ರೂ ಕೇಳೋಕೆ ಚೆನ್ನಾಗಿದೆ. ಇನ್ನೊಂದ್ಸಲ ಹೇಳು."

ಟೀಚರ್ ಇನ್ನೊಂದು ಸಲ ಹೇಳಿದರು. ಅಕ್ಕತಂಗಿಯರನ್ನು ಅವರ ಪಾಡಿಗೆ ಬಿಟ್ಟು ಇಬ್ಬರೂ ಮೆಲ್ಲಗೆ ಹೊರಗೆ ಬಂದರು. ಬೀದಿಯಲ್ಲಿ ಎಳೆಬಿಸಿಲು ಬಿದ್ದಿತ್ತು. ಯಾರೋ ಕಾರು ತೊಳೆಯುತ್ತಿದ್ದರು. ಹತ್ತು ಹೆಜ್ಜೆ ನಡೆದ ಮೇಲೆ ಅವಳು ನಿಂತಳು.

"ನೀನೂ ಹೇಳು" ಎಂದಳು. ನೀವು ಎಂಬುದು ಯಾವಾಗ ನೀನು ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

"ಏನು?"

"ಮೊನ್ನೆ ಆಫೀಸಲ್ಲಿ ಹೇಳಿದ್ಯಲ್ಲ, ಅದು. ಅವತ್ತು ಗಾಬರೀಲಿ ನನಗೆ ಸರಿಯಾಗಿ ಕೇಳಿಸ್ಕೊಳ್ಳೋಕೆ ಆಗ್ಲಿಲ್ಲ."

ಅವನು ಹೇಳಿದ. ನಡುಬೀದಿಯಲ್ಲಿ, ಇಡೀ ಮಾತು, ದನಿ ಒಡೆಯದೆ. ಕಾರು ತೊಳೆಯುವವನು ಪೈಪು ಹಿಡಿದುಕೊಂಡೇ ತಿರುಗಿ ನೋಡಿದ. ಅವಳು ಅವನ ಕೈ ಹಿಡಿದುಕೊಂಡಳು, ಮತ್ತೆ ನಡೆಯತೊಡಗಿದರು.